ಹದಿನೇಳು ಕಮಲಗಳ ಲೆಕ್ಕ

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಎನ್‌ಸಿಸಿಯ ಜೂನಿಯರ್ ವಿಂಗ್‌ನಲ್ಲಿದ್ದಾಳೆ. ‘ಎ’ ಸರ್ಟಿಫಿಕೇಟ್ ಪರೀಕ್ಷೆಯ ಹಿಂದಿನ ಭಾನುವಾರ ನೋಟ್ಸ್ ತಂದು ನನ್ನ ಕೈಗೆ ಕೊಟ್ಟು, ‘ಮಾಮ, ನೀನು ಕೇಳ್ತಾ ಹೋಗು, ನಾನು ಹೇಳ್ತೀನಿ’ ಅಂದಳು.

‘ಧ್ವಜದ ಮೂರು ಬಣ್ಣ?’

‘ಕೆಂಪು ಭೂಸೇನೆ, ಕಡುನೀಲಿ ನೌಕಾಸೇನೆ, ತಿಳಿನೀಲಿ ವಾಯುಸೇನೆ.’

‘ಕಮಲ ಎಷ್ಟು?’

‘ಹದಿನೇಳು. ಯಾಕಂದ್ರೆ ಹದಿನೇಳು ಡೈರೆಕ್ಟೊರೇಟ್.’

‘ಧ್ಯೇಯವಾಕ್ಯ?’

‘ಏಕತಾ ಔರ್ ಅನುಶಾಸನ್.’

ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದಳು. ಒಂದು ಉತ್ತರಕ್ಕೂ ತಡವರಿಸಲಿಲ್ಲ. ಆಮೇಲೆ ನೋಟ್ಸ್ ವಾಪಸ್ ತಗೊಳ್ಳುವಾಗ ಸುಮ್ಮನೆ ಕೇಳಿದಳು: ‘ಮಾಮ, ತೆಲಂಗಾಣ ಹೊಸದಾಗಿ ಆಯ್ತಲ್ಲ, ಆಗ ಒಂದು ಹೂವು ಜಾಸ್ತಿ ಮಾಡಿದ್ರಾ?’

ನೋಟ್ಸ್‌ನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನಾನೂ ಒಂದು ಕಾಲದಲ್ಲಿ ಇದೇ ಖಾಕಿ ಹಾಕಿಕೊಂಡು, ಕೆಂಪು ಪುಕ್ಕ ಸಿಕ್ಕಿಸಿದ ಬೆರೆಟ್ ಟೋಪಿ ಇಟ್ಟುಕೊಂಡು ಬೆಳಿಗ್ಗೆ ಆರಕ್ಕೆ ಗ್ರೌಂಡಿನಲ್ಲಿ ನಿಂತವನು. ಟೋಪಿಯ ಎಡಗಣ್ಣಿನ ಮೇಲಿದ್ದ ಆ ಬ್ಯಾಡ್ಜನ್ನು ದಿನಾ ಉಜ್ಜಿದ್ದೇನೆ. ಆದರೆ ಒಂದು ದಿನವೂ ಅದನ್ನು ನೋಡಿಲ್ಲ ಅಂತ ಅವತ್ತು ಗೊತ್ತಾಯಿತು. ಸಿನಿಮಾ ನೋಡಿ ವಿಮರ್ಶೆ ಬರೀತೀವಿ, ಹೋಟೆಲಿನ ದೋಸೆಗೂ ಸ್ಟಾರ್ ಕೊಡ್ತೀವಿ. ಲಕ್ಷಾಂತರ ಮಕ್ಕಳು ತಲೆ ಮೇಲೆ ಹೊತ್ತುಕೊಳ್ಳುವ ಒಂದು ಚಿತ್ರಕ್ಕೆ ಯಾಕೆ ವಿಮರ್ಶೆ ಇರಬಾರದು?

ಮೊದಲು ‘ಲಾಂಛನ’ ಅನ್ನೋ ಪದದಿಂದಲೇ ಶುರು ಮಾಡೋಣ. ಈ ಪದದ ಕೆಲಸವನ್ನು ನಮ್ಮಲ್ಲಿ ಚೆನ್ನಾಗಿ ತೋರಿಸಿಕೊಡೋದು ಜೈನ ಬಸದಿಗಳು. ಶ್ರವಣಬೆಳಗೊಳದ ಕಡೆ ಹೋದವರು ಗಮನಿಸಿರುತ್ತೀರಿ. ತೀರ್ಥಂಕರರ ಮೂರ್ತಿಗಳು ಬಹುಮಟ್ಟಿಗೆ ಒಂದೇ ಥರ. ಅದೇ ನಿಲುವು, ಅದೇ ಅರೆಮುಚ್ಚಿದ ಕಣ್ಣು. ಯಾರು ಯಾರು ಅಂತ ತಿಳಿಯಬೇಕಾದರೆ ಪೀಠ ನೋಡಬೇಕು. ವೃಷಭ ಇದ್ದರೆ ಆದಿನಾಥ, ಜಿಂಕೆ ಇದ್ದರೆ ಶಾಂತಿನಾಥ, ಸಿಂಹ ಇದ್ದರೆ ಮಹಾವೀರ. ಒಂದೇ ಥರ ಕಾಣುವವರನ್ನು ಬೇರೆ ಬೇರೆ ಮಾಡಿ ತೋರಿಸೋದು ಅಲ್ಲಿ ಲಾಂಛನದ ಕೆಲಸ.

ಕೆಡೆಟ್ ಟೋಪಿಯ ಲಾಂಛನದ ಕೆಲಸ ಇದರ ಉಲ್ಟಾ. ಬೇರೆ ಬೇರೆ ಇರುವ ಮಕ್ಕಳನ್ನು ಒಂದೇ ಥರ ಕಾಣಿಸೋದು ಅದರ ಉದ್ದೇಶ. ಇದನ್ನು ಕೊಂಕು ಮಾಡೋಕೆ ಹೇಳ್ತಿಲ್ಲ. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ ಹುಡುಗನ ಸ್ಕೂಲ್ ಶರ್ಟಿನ ಕಾಲರ್ ಹರಿದಿರುತ್ತಿತ್ತು. ಪರೇಡ್ ದಿನ ಮಾತ್ರ ಅವನಿಗೂ ನನಗೂ, ಡಾಕ್ಟರ ಮಗನಿಗೂ ಸ್ಟೋರ್ ರೂಮಿನಿಂದ ಬಂದ ಅದೇ ಖಾಕಿ, ಅದೇ ಬೆಲ್ಟು. ಪರೇಡ್ ಮುಗಿದ ಮೇಲೆ ಸಿಗುತ್ತಿದ್ದ ಇಡ್ಲಿ ವಡೆಯೂ ಒಂದೇ ಅಳತೆ. ಏಕತೆ ಅಂದರೆ ಏನು ಅಂತ ಭಾಷಣದಿಂದ ನನಗೆ ಯಾವತ್ತೂ ಅರ್ಥ ಆಗಿಲ್ಲ. ಅರ್ಥವಾಗಿದ್ದು ಅಲ್ಲಿ.

ಹಾಗಾಗಿ ಈ ಚಿತ್ರದಲ್ಲಿ ನನಗೆ ಇಷ್ಟವಾದದ್ದನ್ನು ಮೊದಲು ಹೇಳಿಬಿಡ್ತೀನಿ.

ಒಂದು, ಬಣ್ಣಗಳು. ಎನ್‌ಸಿಸಿ ಹುಟ್ಟಿದ್ದು 1948ರ ಕಾಯ್ದೆಯಿಂದ. ಹೃದಯನಾಥ ಕುಂಜ್ರು ಅವರ ಸಮಿತಿಯ ಶಿಫಾರಸು ಅದರ ಬುನಾದಿ. ಹುಡುಗಿಯರ ವಿಭಾಗ 1949ರಲ್ಲಿ, ವಾಯುದಳ 1950ರಲ್ಲಿ, ನೌಕಾದಳ 1952ರಲ್ಲಿ ಸೇರಿಕೊಂಡವು. 1951ರಲ್ಲಿ ಕೊಟ್ಟ ಮೊದಲ ಬಾವುಟ ಭೂಸೇನೆಯ ರೆಜಿಮೆಂಟುಗಳ ಬಾವುಟದ ಮಾದರಿಯದೇ. ನಡುವೆ ಎನ್‌ಸಿಸಿಯ ಬ್ಯಾಡ್ಜು, ಘಟಕದ ಹೆಸರು ಇತ್ತು ಅನ್ನೋದಷ್ಟೇ ವ್ಯತ್ಯಾಸ. ಅಂದರೆ ಅಣ್ಣನ ಹಳೇ ಶರ್ಟನ್ನು ತಮ್ಮನಿಗೆ ಹಾಕಿದ ಹಾಗೆ. ಮೂರೂ ಸೇನೆಗಳ ಮಕ್ಕಳು ಒಂದೇ ಕಡೆ ಇರುವಾಗ ಒಂದೇ ಸೇನೆಯ ಬಾವುಟ ಯಾಕೆ ಅನ್ನೋ ಪ್ರಶ್ನೆ ಬಂದು, 1954ರಲ್ಲಿ ಈಗಿನ ತ್ರಿವರ್ಣ ಬಂತು. ಒಂದು ತಪ್ಪನ್ನು ಗುರುತಿಸಿ, ಅದಕ್ಕೆ ಉತ್ತರವಾಗಿ ಬಂದ ವಿನ್ಯಾಸ ಇದು. ಅದಕ್ಕೇ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಮೂರು ಪಟ್ಟಿ, ಮೂರು ಸೇನೆ. ಹೇಳಿಕೊಡದಿದ್ದರೂ ಅರ್ಥ ಆಗುತ್ತೆ. ನಮ್ಮ ಹಳದಿ ಕೆಂಪು ಬಾವುಟ ಅರಿಶಿನ ಕುಂಕುಮ ಅಂತ ಯಾರೂ ಬಾಯಿಪಾಠ ಮಾಡಿಸದೆ ಗೊತ್ತಾಗುತ್ತಲ್ಲ, ಹಾಗೆ.

ಎರಡು, ಇದರಲ್ಲಿ ಇಲ್ಲದ್ದು. ನಮ್ಮ ಭೂಸೇನೆಯ ಲಾಂಛನದಲ್ಲಿ ಅಡ್ಡಲಾಗಿಟ್ಟ ಎರಡು ಕತ್ತಿಗಳಿವೆ. ನೌಕಾಸೇನೆಗೆ ಲಂಗರು, ವಾಯುಸೇನೆಗೆ ರೆಕ್ಕೆ ಬಿಚ್ಚಿದ ಹದ್ದು. ಅಮೆರಿಕದಲ್ಲಿ ಹೈಸ್ಕೂಲ್ ಮಕ್ಕಳ ಜೆಆರ್‌ಒಟಿಸಿ ಅಂತ ಇದೆ, 1916ರ ಕಾಯ್ದೆಯಿಂದ ಬಂದದ್ದು. ಅಲ್ಲಿನ ಭೂಸೇನೆಯಲ್ಲಿ ಅದನ್ನು ನೋಡಿಕೊಳ್ಳುವ ಕೆಡೆಟ್ ಕಮಾಂಡಿನ ಲಾಂಛನದಲ್ಲಿ ಒಂದು ಗುರಾಣಿ, ಅದರ ಮೇಲೆ ಕತ್ತಿ, ದೀಪ, ಗ್ರೀಕ್ ಯೋಧನ ಶಿರಸ್ತ್ರಾಣ. ಕತ್ತಿ ಧೈರ್ಯಕ್ಕೆ, ದೀಪ ವಿದ್ಯೆಗೆ, ಶಿರಸ್ತ್ರಾಣ ವಿದ್ವಾಂಸನೂ ಆದ ಯೋಧನಿಗೆ. ಚೆನ್ನಾಗೇ ಇದೆ. ಆದರೆ ಮಕ್ಕಳ ತೋಳಿನ ಮೇಲೂ ಕತ್ತಿ ಬಂತು ನೋಡಿ.

ನಮ್ಮ ಕೆಡೆಟ್ ಲಾಂಛನದಲ್ಲಿ ಒಂದು ಚೂರಿಯೂ ಇಲ್ಲ. ಮೂರು ಅಕ್ಷರ, ಸುತ್ತ ಕಮಲದ ಮಾಲೆ. ಮಕ್ಕಳ ಕೈಗೆ ಪಾಯಿಂಟ್ ಟೂ ಟೂ ರೈಫಲ್ ಕೊಟ್ಟು ಗುರಿ ಹೊಡೆಸ್ತಾರೆ ನಿಜ, ಆದರೆ ಎದುರಿಗೆ ಹಿಡಿದ ಚಿತ್ರದಲ್ಲಿ ಹೂವು. ಇದು ಕಾಯ್ದೆಗೂ ಹೊಂದುತ್ತೆ. ಎನ್‌ಸಿಸಿ ಸೇರಿದ ಮಾತ್ರಕ್ಕೆ ಯಾವ ವಿದ್ಯಾರ್ಥಿಯ ಮೇಲೂ ಯುದ್ಧಸೇವೆಯ ಹೊಣೆ ಬೀಳುವುದಿಲ್ಲ ಅಂತ ಕಾಯ್ದೆಯೇ ಹೇಳುತ್ತೆ. ಹದಿಮೂರು ವರ್ಷದ ಮಗುವಿಗೆ ಸೇನೆಯ ನಡಿಗೆ ಕಲಿಸ್ತೀವಿ, ಆದರೆ ಆ ಮಗು ಸೈನಿಕ ಅಲ್ಲ. ಈ ಗೆರೆಯನ್ನು ಕಾಯ್ದೆ ಮಾತಿನಲ್ಲಿ ಎಳೆಯಿತು, ಲಾಂಛನ ಹೂವಿನಲ್ಲಿ ಎಳೆಯಿತು. ಯಾರು ಬರೆದರೋ, ಅವರಿಗೆ ನನ್ನ ಸಲ್ಯೂಟ್.

ಕಮಲ ಅಂದ ತಕ್ಷಣ ನಿಮ್ಮ ತಲೆ ಎಲ್ಲಿಗೆ ಓಡಿತು ಅಂತ ನನಗೆ ಗೊತ್ತು. ಸ್ವಲ್ಪ ನಿಲ್ಲಿ. ಈ ಬಾವುಟ 1954ರದ್ದು, ಆ ಪಕ್ಷ ಹುಟ್ಟಿದ್ದು 1980ರಲ್ಲಿ. ಅದರ ಪೂರ್ವಜ ಜನಸಂಘದ ಗುರುತು ದೀಪ. ಇಲ್ಲಿರುವ ಕಮಲ ಬರೀ ಕೆರೆಯ ಕಮಲ.

ಇನ್ನು ತಕರಾರಿಗೆ ಬರ್ತೀನಿ. ಅದು ಹುಡುಗಿ ಕೇಳಿದ ಪ್ರಶ್ನೆಯಲ್ಲೇ ಇದೆ.

ನೋಟ್ಸ್ ಹೇಳುವ ಪ್ರಕಾರ ಬಾವುಟ 1954ರದ್ದು. ಅದೇ ನೋಟ್ಸ್ ಹೇಳುವ ಪ್ರಕಾರ 17 ಕಮಲ ಅಂದರೆ 17 ಡೈರೆಕ್ಟೊರೇಟುಗಳು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ನಮ್ಮದು ಕರ್ನಾಟಕ ಮತ್ತು ಗೋವಾ ಡೈರೆಕ್ಟೊರೇಟ್. 1954ರಲ್ಲಿ ಗೋವಾ ಪೋರ್ಚುಗೀಸರ ಕೈಲಿತ್ತು, ಅದು ಭಾರತಕ್ಕೆ ಸೇರಿದ್ದು 1961ರ ಡಿಸೆಂಬರಿನಲ್ಲಿ. ಕರ್ನಾಟಕ ಏಕೀಕರಣವಾಗಿದ್ದು 1956ರಲ್ಲಿ, ಆ ಹೆಸರು ಬಂದದ್ದು 1973ರಲ್ಲಿ. ಈಗಿನ ಪಟ್ಟಿಯಲ್ಲಿ ಉತ್ತರಾಖಂಡಕ್ಕೆ ಸ್ವಂತ ಡೈರೆಕ್ಟೊರೇಟ್ ಇದೆ. ಆ ರಾಜ್ಯ ಹುಟ್ಟಿದ್ದೇ 2000ದ ನವೆಂಬರಿನಲ್ಲಿ. ಅಂದರೆ ಇವತ್ತಿನ ಆ 17ರ ಪಟ್ಟಿ ಈ ಶತಮಾನದ ಆಚೆಗೆ ಹೋಗೋಕೆ ಸಾಧ್ಯವೇ ಇಲ್ಲ. 1954ರ ಹೂವಿಗೆ ಆ ಅರ್ಥ ಆಮೇಲೆ ಅಂಟಿಸಿದ್ದು. ಮಗು ಹುಟ್ಟಿ ಅರ್ಧ ಶತಮಾನ ಆದ ಮೇಲೆ ಜಾತಕ ಬರೆದ ಹಾಗೆ.

ಅರ್ಥ ಆಮೇಲೆ ಬರೋದು ತಪ್ಪಲ್ಲ. ನಮ್ಮ ರಾಷ್ಟ್ರಧ್ವಜದ ಕಥೆಯೇ ಹಾಗಿದೆ. 1921ರ ಸುಮಾರಿಗೆ ಬಣ್ಣಗಳನ್ನು ಧರ್ಮಗಳ ಲೆಕ್ಕದಲ್ಲಿ ಓದುತ್ತಿದ್ದರು. ಅದರ ಮೇಲೆ ಜಗಳ, ಚರ್ಚೆ ಎಲ್ಲ ಆಗಿ, 1931ರಲ್ಲಿ ಕಾಂಗ್ರೆಸ್ ನಿರ್ಣಯ ಮಾಡಿ ಬಣ್ಣಗಳಿಗೆ ಧರ್ಮದ ಅರ್ಥ ಇಲ್ಲ, ಅವು ತ್ಯಾಗ, ಸತ್ಯ, ಶ್ರದ್ಧೆಯಂಥ ಗುಣಗಳಿಗೆ ಸಂಕೇತ ಅಂತ ಸಾರಿತು. ಅಲ್ಲಿ ಅರ್ಥ ಬದಲಾಯಿತು, ಎಲ್ಲರ ಕಣ್ಣೆದುರಿಗೆ ಬದಲಾಯಿತು, ಮೊದಲಿಗಿಂತ ದೊಡ್ಡದಾಯಿತು. ಇಲ್ಲಿ ಆದದ್ದು ಬೇರೆ. ಯಾರೋ ಗೈಡಿನಲ್ಲಿ ಒಂದು ಸಾಲು ಬರೆದರು, ಇನ್ಯಾರೋ ಅದನ್ನು ಪ್ರಶ್ನೆ ಮಾಡಿದರು, ಒಂದು ಮಾರ್ಕಿಗೆ ಹೂವು ಮುಗಿಯಿತು. ಕೆಸರಿನಲ್ಲಿ ಹುಟ್ಟಿ ಕೆಸರು ಅಂಟಿಸಿಕೊಳ್ಳದ ಹೂವು ಅಂತ ನಮ್ಮ ಅಜ್ಜಿಯರು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಆ ಅರ್ಥ ಅಲ್ಲೇ ಇತ್ತು. ಅದನ್ನು ಬಿಟ್ಟು ನಾವು ಆಫೀಸುಗಳ ಎಣಿಕೆ ಇಟ್ಟುಕೊಂಡೆವು.

ಆ ಎಣಿಕೆಯೂ ಎಂಥದ್ದು ನೋಡಿ. ದೆಹಲಿಗೆ ಒಂದು ಹೂವು. ಅಸ್ಸಾಂ, ಮಣಿಪುರ, ನಾಗಾಲ್ಯಾಂಡ್, ಮಿಜೋರಾಂ ಅಂತ ಈಶಾನ್ಯದ ಏಳು ರಾಜ್ಯಗಳಿಗೆ ಸೇರಿ ಒಂದೇ ಹೂವು. ತಮಿಳುನಾಡು ತನ್ನ ಹೂವಿನಲ್ಲಿ ಪುದುಚೇರಿಗೂ ಅಂಡಮಾನಿಗೂ ಪಾಲು ಕೊಡಬೇಕು. ಆಂಧ್ರ, ತೆಲಂಗಾಣ ಬೇರೆಯಾದರೂ ಹೂವು ಒಂದೇ. ಹುಡುಗಿಯ ಪ್ರಶ್ನೆಗೆ ಉತ್ತರ ಅದು: ಇಲ್ಲಮ್ಮ, ಜಾಸ್ತಿ ಮಾಡಲಿಲ್ಲ. ಆಡಳಿತದ ಅನುಕೂಲಕ್ಕೆ ಹೀಗೆ ಹಂಚಿಕೊಳ್ಳೋದು ಸರಿ, ಅದರ ಬಗ್ಗೆ ನನಗೆ ಜಗಳ ಇಲ್ಲ. ಕಂಪನಿಗಳೂ ಸೌತ್ ರೀಜನ್, ವೆಸ್ಟ್ ರೀಜನ್ ಅಂತ ಮಾಡಿಕೊಳ್ಳುತ್ತವೆ. ಆದರೆ ಸೇಲ್ಸ್ ಟೀಮಿನ ನಕ್ಷೆಯನ್ನು ಯಾರೂ ಟೋಪಿಯ ಮೇಲೆ ಹಾಕಿ ದೇಶ ಅನ್ನಲ್ಲ. ಐಜಾಲಿನ ಒಬ್ಬ ಕೆಡೆಟ್ ಈ ಲೆಕ್ಕವನ್ನು ಬಾಯಿಪಾಠ ಮಾಡುವಾಗ ತನ್ನ ಪಾಲಿಗೆ ಏಳನೇ ಒಂದು ಹೂವು ಅಂತ ಕಲಿಯುತ್ತಾಳೆ. ಏಕತೆಯ ಚಿತ್ರ ಅವಳಿಗೆ ಭಿನ್ನರಾಶಿಯಲ್ಲಿ ಸಿಗುತ್ತೆ.

ಮಾಲೆಯ ನಡುವೆ ಇರೋ ಅಕ್ಷರಗಳಿಗೆ ಬರೋಣ. ನನ್ನ ಪ್ರಕಾರ ಇಡೀ ಲಾಂಛನದ ದುರ್ಬಲ ಭಾಗ ಇದೇ. ಇಷ್ಟು ಚೆಂದದ ಮಾಲೆ ಕಟ್ಟಿ, ನಡುವೆ ಇಟ್ಟಿದ್ದು ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೂರು ಮೊದಲಕ್ಷರ. ಮದುವೆ ಮಂಟಪ ಅಲಂಕಾರ ಮಾಡಿ, ವಧು ವರರ ಜಾಗದಲ್ಲಿ ವಿಸಿಟಿಂಗ್ ಕಾರ್ಡ್ ಇಟ್ಟ ಹಾಗೆ. ಅಮೆರಿಕದವರು ಕತ್ತಿ ಇಟ್ಟರು ಅಂತ ನಾನು ಆಗಲೇ ಮೂಗು ಮುರಿದೆ. ಆದರೆ ಕತ್ತಿಯ ಪಕ್ಕ ಅವರು ದೀಪ ಇಟ್ಟರು, ಇವರು ಓದುವ ಮಕ್ಕಳು ಅಂತ ನೆನಪಿಟ್ಟುಕೊಂಡರು. ನಮ್ಮದರಲ್ಲಿ ಕತ್ತಿಯೂ ಇಲ್ಲ, ದೀಪವೂ ಇಲ್ಲ. ಶಾಲೆಯ ಸುಳಿವೇ ಇಲ್ಲ.

ಭಾಷೆಯ ಮಾತು ಸಣ್ಣದು ಅಂತ ಅನ್ನಿಸಬಹುದು. ಅಕ್ಷರ ಇಂಗ್ಲಿಷು. ಧ್ಯೇಯವಾಕ್ಯ ಹಿಂದಿಯಲ್ಲಿ ಏಕತಾ ಔರ್ ಅನುಶಾಸನ್, ಇಂಗ್ಲಿಷಿನಲ್ಲಿ ಯೂನಿಟಿ ಅಂಡ್ ಡಿಸಿಪ್ಲಿನ್. ಹಾಡು ಹಿಂದಿ, ಡ್ರಿಲ್ಲಿನ ಆಜ್ಞೆ ಹಿಂದಿ. ಮೊದಲ ದಿನ ಹವಾಲ್ದಾರರು ‘ಸಾವಧಾನ್’ ಅಂತ ಗುಡುಗಿದಾಗ ನಮ್ಮ ಅರ್ಧ ಸಾಲು ಆರಾಮವಾಗಿ ನಿಂತಿತ್ತು. ಯಾಕಂದ್ರೆ ನಮ್ಮ ಮನೆಗಳಲ್ಲಿ ಸಾವಧಾನ ಅಂದರೆ ಅವಸರ ಮಾಡಬೇಡ, ನಿಧಾನವಾಗಿ ಅಂತ ಅರ್ಥ. ಅವತ್ತು ನಾವು ಗ್ರೌಂಡಿಗೆ ಎರಡು ಸುತ್ತು ಓಡಿದೆವು. ಈಗ ನೆನೆಸಿಕೊಂಡು ನಗ್ತೀವಿ. ಆದರೆ ಪಕ್ಕದ ರಾಜ್ಯ ನಗಲಿಲ್ಲ. 1968ರ ಜನವರಿಯಲ್ಲಿ ಮದ್ರಾಸ್ ವಿಧಾನಸಭೆ ಹಿಂದಿಯ ವಿರುದ್ಧ ತೆಗೆದುಕೊಂಡ ನಿರ್ಣಯದಲ್ಲಿ ಎನ್‌ಸಿಸಿಯ ಹಿಂದಿ ಆಜ್ಞೆಗಳನ್ನು ಕೈಬಿಡುವ ಮಾತೂ ಇತ್ತು. ಗ್ರೌಂಡಿನಲ್ಲಿ ಕೂಗುವ ಎರಡು ಪದ ಒಂದು ವಿಧಾನಸಭೆಯವರೆಗೆ ಹೋಯಿತು ಅಂದರೆ ಅದು ಸಣ್ಣ ಮಾತಲ್ಲ.

ದೇಶದ ಎಲ್ಲ ಕಡೆಯ ಮಕ್ಕಳು ಕ್ಯಾಂಪಿನಲ್ಲಿ ಸೇರಿದಾಗ ಒಂದು ಆಜ್ಞೆಗೆ ಒಟ್ಟಿಗೆ ಹೆಜ್ಜೆ ಹಾಕಬೇಕು, ಅದಕ್ಕೆ ಒಂದು ಭಾಷೆ ಬೇಕು. ಒಪ್ಪುತ್ತೇನೆ. ಆದರೆ ಆಜ್ಞೆ ಬೇರೆ, ಧ್ಯೇಯ ಬೇರೆ. ಆಜ್ಞೆಗೆ ಮೈ ತಿರುಗಿದರೆ ಸಾಕು, ಧ್ಯೇಯ ಮನಸ್ಸಿಗೆ ಇಳಿಯಬೇಕು. ಹುಡುಗಿಗೆ ಕೇಳಿದೆ, ‘ಅನುಶಾಸನ್ ಅಂದ್ರೇನೇ?’ ‘ಡಿಸಿಪ್ಲಿನ್’ ಅಂದಳು. ‘ಕನ್ನಡದಲ್ಲಿ?’ ಒಂದು ಕ್ಷಣ ಯೋಚಿಸಿ, ‘ಶಿಸ್ತು’ ಅಂದಳು. ‘ಏಕತಾ?’ ಈ ಸಲ ಜಾಸ್ತಿ ಹೊತ್ತು ತಗೊಂಡಳು. ‘ಒಂದೇ ಥರ ಇರೋದು?’ ಅಂತ ನನ್ನನ್ನೇ ಕೇಳಿದಳು.

ನನಗೆ ಚುಚ್ಚಿದ್ದು ಆ ಉತ್ತರ. ಒಗ್ಗಟ್ಟು ಅಂತ ಅವಳ ಬಾಯಿಗೆ ಬರಲಿಲ್ಲ. ಎರಡು ವರ್ಷ ಆ ಬ್ಯಾಡ್ಜ್ ಹಾಕಿಕೊಂಡ ಮಗುವಿಗೆ ಒಂದಾಗಿರೋದೂ ಒಂದೇ ಥರ ಇರೋದೂ ಬೇರೆ ಬೇರೆ ಅಂತ ಯಾರೂ ಹೇಳಿಲ್ಲ. ಹೇಳೋಕೆ ಬೇಕಾದ ಚಿತ್ರ ಅವಳ ತಲೆ ಮೇಲೇ ಇದೆ. ಮೂರು ಬಣ್ಣ ಒಂದರೊಳಗೊಂದು ಕಲಸಿಹೋಗಿಲ್ಲ, ಪಕ್ಕ ಪಕ್ಕ ನಿಂತಿವೆ. ಹೂಗಳು ಒಂದೊಂದಾಗಿ ಅರಳಿ ಮಾಲೆಯಾಗಿವೆ. ಅದನ್ನು ತೋರಿಸಿ ಎರಡು ನಿಮಿಷ ಮಾತಾಡಿದ್ದರೆ ಸಾಕಿತ್ತು. ನಾವು ಎಣಿಸೋದು ಕಲಿಸಿದೆವು.

ಆಮೇಲೆ ಉಜ್ಜೋದು ಕಲಿಸಿದೆವು. ನಮ್ಮ ಕಾಲದಲ್ಲಿ ಬ್ಯಾಡ್ಜುಗಳು ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಕೈ ಬದಲಾಗುತ್ತಿದ್ದವು. ನನಗೆ ಸಿಕ್ಕಿದ್ದು ನನಗಿಂತ ಮುಂಚೆ ಎಷ್ಟು ಜನ ಹಾಕಿದ್ದರೋ. ಭಾನುವಾರ ರಾತ್ರಿ ಅಮ್ಮನ ಹಳೇ ಸೀರೆ ಚೂರಿಗೆ ಬ್ರಾಸೋ ಹಾಕಿ ತಿಕ್ಕುತ್ತಿದ್ದೆ. ಹೊಳಪಿಲ್ಲದಿದ್ದರೆ ಶಿಕ್ಷೆ, ಹೊಳೆದರೆ ಶಭಾಷ್. ಹಾಗೆ ವರ್ಷಾನುಗಟ್ಟಲೆ ಎಲ್ಲರೂ ಉಜ್ಜಿ ಉಜ್ಜಿ ಆ ಬ್ಯಾಡ್ಜಿನ ಕಮಲಗಳ ದಳ ಸವೆದು ನುಣ್ಣಗಾಗಿದ್ದವು. ನಡುವಿನ ಅಕ್ಷರ ಮಾತ್ರ ಫಳಫಳ ಅನ್ನುತ್ತಿತ್ತು. ಮಾಲೆ ಹೂವಿನದೋ ಹಗ್ಗದ್ದೋ ಅಂತ ಹೇಳೋಕಾಗುತ್ತಿರಲಿಲ್ಲ. ಇನ್ಸ್‌ಪೆಕ್ಷನ್‌ಗೆ ಬಂದವರು ಯಾರೂ ಹೂವು ಎಲ್ಲಿ ಅಂತ ಕೇಳಲಿಲ್ಲ.

ಲಾಂಛನ ಬದಲಾಯಿಸಿ ಅಂತ ನಾನು ಹೇಳ್ತಿಲ್ಲ. ಎಪ್ಪತ್ತು ವರ್ಷ ಮಕ್ಕಳ ಬೆವರು ಕುಡಿದ ಚಿತ್ರವನ್ನು ಒಬ್ಬ ಬ್ಲಾಗರ್ ಭಾನುವಾರ ಮಧ್ಯಾಹ್ನ ಕೂತು ರೀಡಿಸೈನ್ ಮಾಡೋದು ಅಧಿಕಪ್ರಸಂಗ. ಆ ಕಾಯಿಲೆ ನಮ್ಮ ಆಫೀಸುಗಳಲ್ಲಿ ಬೇಕಾದಷ್ಟಿದೆ. ಚಿತ್ರ ಇದ್ದ ಹಾಗೇ ಇರಲಿ, ಪ್ರಶ್ನೆ ಬದಲಾಗಲಿ. ‘ಕಮಲ ಎಷ್ಟು?’ ಅನ್ನೋ ಬದಲು ‘ಸೇನೆಯ ಮಕ್ಕಳ ಗುರುತಿನಲ್ಲಿ ಆಯುಧ ಯಾಕಿಲ್ಲ?’ ಅಂತ ಕೇಳಿ. ‘ಬಣ್ಣ ಯಾವುದು?’ ಅನ್ನೋ ಬದಲು ‘1951ರ ಬಾವುಟವನ್ನು ಯಾಕೆ ಬಿಟ್ಟರು?’ ಅಂತ ಕೇಳಿ. ಧ್ಯೇಯವಾಕ್ಯವನ್ನು ಅವರವರ ಮನೆಮಾತಿನಲ್ಲಿ ಒಂದು ಸಾಲು ಬರೆಸಿ. ಒಂದು ರೂಪಾಯಿ ಖರ್ಚಿಲ್ಲ. ಹದಿಮೂರರ ಮಕ್ಕಳಿಗೆ ಇಷ್ಟು ಯೋಚಿಸೋಕೆ ಆಗುತ್ತಾ ಅಂತ ಅನುಮಾನ ಇದ್ದರೆ, ತೆಲಂಗಾಣದ ಪ್ರಶ್ನೆ ಕೇಳಿದ್ದು ನಾನಲ್ಲ.

ಪರೀಕ್ಷೆಯ ಹಿಂದಿನ ರಾತ್ರಿ ಫೋನ್ ಮಾಡಿದಳು. ‘ಮಾಮ, ಕಮಲ ಎಷ್ಟು ಅಂತ ಬಂದ್ರೆ ಏನ್ ಬರೀಲಿ?’

‘ಹದಿನೇಳು ಅಂತಲೇ ಬರಿ. ಒಂದು ಮಾರ್ಕು ಯಾಕೆ ಬಿಡ್ತೀಯ.’

‘ಸರಿ’ ಅಂದಳು. ಫೋನ್ ಇಡುವ ಮೊದಲು ಇನ್ನೊಂದು ಮಾತು ಹೇಳಿದಳು. ಅವಳಿಗೆ ಹೊಸ ಬ್ಯಾಡ್ಜ್ ಬಂದಿದೆಯಂತೆ, ದಳಗಳೆಲ್ಲ ಚೆನ್ನಾಗಿ ಕಾಣುತ್ತವಂತೆ. ಜೋರಾಗಿ ಉಜ್ಜಬೇಡ ಅಂತ ಹೇಳೋಣ ಅನ್ನಿಸಿತು. ಇನ್ಸ್‌ಪೆಕ್ಷನ್ ನೆನಪಾಗಿ ಸುಮ್ಮನಾದೆ.